ತುಮಕೂರಿನಲ್ಲಿದ್ದುಕೊಂಡು ಓಟ ಮತ್ತು ಟ್ರಯಾಥ್ಲಾನ್ ಹವ್ಯಾಸ: ಮೊದಲ ವರ್ಷಕ್ಕೆ ನಿಜವಾಗಿ ಎಷ್ಟು ಖರ್ಚು?

ಶೆಟ್ಟಿಹಳ್ಳಿ ಗುಮಾಸ್ತ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಾರು ವರ್ಷ. ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಸಕ್ಕರೆ ಕಾಯಿಲೆಯ ಗಡಿಗೆ ಬಂದಿದ್ದೀರಿ ಎಂದು ವೈದ್ಯರು ಎಚ್ಚರಿಸಿದ ಮೇಲೆ ಅಮಾನಿಕೆರೆಯ ಬಳಿ ನಡೆಯಲು ಆರಂಭಿಸಿದೆ. ನಡಿಗೆ ಬರಬರುತ್ತಾ ಓಟವಾಯಿತು. ಈಗ ನಿಲ್ಲದೆ ಐದಾರು ಕಿಲೋಮೀಟರ್ ಓಡಬಲ್ಲೆ. ನನ್ನ ಸಹೋದ್ಯೋಗಿಯ ತಮ್ಮ ಗೋವಾದಲ್ಲಿ ನಡೆಯುವ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನು ಮುಗಿಸಿ ಬಂದಿದ್ದಾನೆ. ಅವನ ಮಾತು ಕೇಳಿದಂದಿನಿಂದ ನನಗೂ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದರಂತೆ ಮುಗಿಸುವ ಈ ಟ್ರಯಾಥ್ಲಾನ್ ಆಸೆ ಹತ್ತಿದೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಸೈಕಲ್ಲಿಗೇ 95,000 ರೂಪಾಯಿ ಹೇಳಿದರು. ಅದಕ್ಕೆ ಹೊಂದುವ ಶೂ, ಪೆಡಲ್, ಜಿಪಿಎಸ್ ಕೈಗಡಿಯಾರ, ಮೈಗಂಟುವ ಸೂಟು ಇವೆಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ನಾನು ವರ್ಷಕ್ಕೆ ನಲವತ್ತು ಸಾವಿರದವರೆಗೆ ಹೊಂದಿಸಬಲ್ಲೆ. ಅದಕ್ಕಿಂತ ಹೆಚ್ಚಾದರೆ ಮಗನ ಕಾಲೇಜು ಶುಲ್ಕಕ್ಕೆ ಕೈ ಹಾಕಬೇಕಾಗುತ್ತದೆ. ಮನೆಯವರು ನೇರವಾಗಿ ಕೇಳಿದ್ದಾರೆ: "ಇದಕ್ಕೆ ಒಟ್ಟು ಎಷ್ಟಾಗುತ್ತದೆ, ಬರೆದು ತೋರಿಸಿ." ಅವರ ಮುಂದಿಡಬಹುದಾದ ಒಂದು ಪ್ರಾಮಾಣಿಕ ಲೆಕ್ಕ ನನಗೆ ಬೇಕಾಗಿದೆ.

ಮಗ ಪಿಯುಸಿ ಓದುವಾಗ ಕೊಡಿಸಿದ 26 ಇಂಚಿನ ಗೇರ್ ಸೈಕಲ್ಲೊಂದು ಮನೆಯ ಹಿಂದೆ ಗೋಡೆಗೆ ಒರಗಿಕೊಂಡಿದೆ. ಈಜು ಎಂದರೆ, ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತದ್ದಷ್ಟೇ. ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು, ಊರು ಬಿಟ್ಟು ಬೆಂಗಳೂರಿಗೆ ಅಲೆಯದೆ ಇದು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಬಟವಾಡಿ ನಿವಾಸಿ:

ನಮಸ್ಕಾರ ಸರ್. ಅಂಗಡಿಯವರು ನಿಮಗೆ ಸುಳ್ಳು ಹೇಳಿಲ್ಲ. ನೀವು ಇನ್ನೂ ಹೋಗಬೇಕಾಗಿಲ್ಲದ ಸ್ಪರ್ಧೆಯ ಬೆಲೆಯನ್ನು ಹೇಳಿದ್ದಾರೆ. ಟ್ರಯಾಥ್ಲಾನ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ದೂರಗಳಿವೆ, ಖರ್ಚೆಲ್ಲ ನಿಂತಿರುವುದು ನೀವು ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ. ಸ್ಪ್ರಿಂಟ್ ಎಂಬುದರಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಅದರ ಇಮ್ಮಡಿ ದೂರದ್ದು, ಅಂದರೆ ಒಂದೂವರೆ, 40 ಮತ್ತು 10 ಕಿಲೋಮೀಟರಿನದು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರಿದ ಸ್ಪರ್ಧೆ. ನಿಮ್ಮ ಪರಿಚಿತರು ಮುಗಿಸಿರುವುದು 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟದ್ದು. ಮೂರನ್ನೂ ಮೈಲಿಗಳಲ್ಲಿ ಕೂಡಿದರೆ ಬರುವ ಮೊತ್ತವೇ 70.3. ಗೋವಾದಲ್ಲಿ ಅದು 2019ರಲ್ಲಿ ಆರಂಭವಾಯಿತು. ಪೂರ್ಣ ಐರನ್‌ಮ್ಯಾನ್ ಇದರ ಎರಡರಷ್ಟು. ಐದಾರು ಕಿಲೋಮೀಟರ್ ಓಡುವವರು ಮೊದಲ ವರ್ಷ ನೋಡಬೇಕಾದದ್ದು ಸ್ಪ್ರಿಂಟನ್ನು ಮಾತ್ರ, ಅದಕ್ಕೆ ಲಕ್ಷದ ಸೈಕಲ್ ಬೇಕಾಗುವುದಿಲ್ಲ.

ಓಟದಿಂದ ಆರಂಭಿಸೋಣ. ಓಟ ಬಿಟ್ಟಿ ಎಂದು ಜನ ಹೇಳುವುದು ಪೂರ್ತಿ ನಿಜವಲ್ಲ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿನವರೆಗೆ ಬಾಳುತ್ತದೆ; ಆಮೇಲೆ ಮೇಲ್ಭಾಗ ಹೊಸದರಂತೆ ಕಂಡರೂ ಒಳಗಿನ ಮೆತ್ತೆ ಸತ್ತಿರುತ್ತದೆ. ವಾರಕ್ಕೆ 25 ಕಿಲೋಮೀಟರ್ ಓಡಿದರೆ ವರ್ಷಕ್ಕೆ 1,300 ಕಿಲೋಮೀಟರ್ ಆಯಿತು, ಅಂದರೆ ಎರಡು ಜೊತೆ ಶೂ. ಜೊತೆಗೆ ನಾಲ್ಕು ಸಾವಿರದಂತೆ ಹಿಡಿದರೆ ಕಿಲೋಮೀಟರಿಗೆ ಆರು ರೂಪಾಯಿ ಬೀಳುತ್ತದೆ. ಅದೇ ದೂರಕ್ಕೆ ನನ್ನ ಸ್ಕೂಟರ್ ಕುಡಿಯುವ ಪೆಟ್ರೋಲ್ ಇದಕ್ಕಿಂತ ಅಗ್ಗ! ಆದರೆ ಇದಕ್ಕಿಂತ ಹೆಚ್ಚಿಗೆ ಹಾಕುವ ಹಣ ಹೆಚ್ಚಿನಂಶ ಷೋಕಿಯದು. ಹನ್ನೆರಡು ಸಾವಿರದ ಶೂ ನಾಲ್ಕು ಸಾವಿರದ ಶೂವಿನ ಮೂರು ಪಟ್ಟು ಕಾಲ ಬಾಳುವುದಿಲ್ಲ. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಕಾರ್ಬನ್ ತಟ್ಟೆಯ ಶೂ ಹಾಕಿಕೊಂಡು ಕಿಲೋಮೀಟರಿಗೆ ಏಳು ನಿಮಿಷದ ಲೆಕ್ಕದಲ್ಲಿ ಓಡುವವರನ್ನು ನೋಡಿದಾಗ ನನಗೆ ಅವರ ಜೇಬಿನ ಮೇಲೆ ಕನಿಕರ ಹುಟ್ಟುತ್ತದೆ. ಎರಡು ಜೊತೆ ಕೊಂಡಾಗ ಒಂದರ ಪೆಟ್ಟಿಗೆಯ ಮೇಲೆ ತಾರೀಕು ಬರೆದಿಡಿ; ಯಾವಾಗ ಬದಲಿಸಬೇಕೆಂಬುದು ಆಗ ಊಹೆಗೆ ಬಿಟ್ಟ ವಿಷಯವಾಗುವುದಿಲ್ಲ.

ಕೈಗಡಿಯಾರ ಮೊದಲ ವರ್ಷ ಬೇಡ. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇರುವಾಗ ದೂರ ಅಳೆಯಲು ಉಪಗ್ರಹದ ಹಂಗೇಕೆ? ಅಳತೆಗೆ ತಕ್ಕ ಟ್ರ್ಯಾಕಿನ ಒಳಗಿನ ಸುತ್ತು 400 ಮೀಟರ್. ಎಂಟನೆಯ ಪಥದಲ್ಲಿ ಒಂದು ಸುತ್ತು ಸುಮಾರು 453 ಮೀಟರ್ ಆಗುವುದರಿಂದ ಅಲ್ಲಿ ಹನ್ನೊಂದು ಸುತ್ತು ಹಾಕಿದರೆ ಐದು ಕಿಲೋಮೀಟರಿಗೆ ಸುಮಾರು ಹದಿನೇಳೇ ಮೀಟರ್ ಕಡಿಮೆ. ರಸ್ತೆಯಲ್ಲಿ ಓಡುವ ದಿನ ಮೊಬೈಲಿನ ಉಚಿತ ಆ್ಯಪ್ ಸಾಕು.

ನಿಜವಾದ ಖರ್ಚು ಈಜಿನಲ್ಲಿದೆ, ಅಂಗಡಿಯವರು ಅದನ್ನು ಹೇಳಿರುವುದಿಲ್ಲ, ಏಕೆಂದರೆ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಬಾವಿಯಲ್ಲಿ ಕಲಿತ ಈಜು ಜೀವ ಉಳಿಸುತ್ತದೆ, ನೀರಿನ ಭಯವನ್ನೂ ಕಳೆದಿರುತ್ತದೆ. ಆದರೆ ತಲೆಯನ್ನು ಮೇಲೆತ್ತಿಕೊಂಡು ಕೈಕಾಲು ಬಡಿಯುವ ಆ ಈಜಿನಲ್ಲಿ ಸೊಂಟ ಕೆಳಗಿಳಿದು, ನೀರು ಎದೆಗೆ ಅಡ್ಡ ನಿಂತು, ನೂರು ಮೀಟರಿಗೇ ಉಸಿರು ಕಟ್ಟುತ್ತದೆ. 750 ಮೀಟರ್ ಎಂದರೆ 25 ಮೀಟರಿನ ಕೊಳದಲ್ಲಿ ಮೂವತ್ತು ಉದ್ದ. ಮುಖವನ್ನು ನೀರೊಳಗಿಟ್ಟು ಅಲ್ಲೇ ಉಸಿರು ಬಿಡುವುದು, ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳುವುದು, ಈ ಎರಡನ್ನು ಕಲಿಯಲು ದಡದ ಮೇಲೆ ನಿಂತು ನೋಡುವ ಒಬ್ಬ ತರಬೇತುದಾರ ಬೇಕೇ ಬೇಕು. ವಿಡಿಯೋ ನೋಡಿ ಕಲಿಯುವೆನೆಂದರೆ ನಿಮ್ಮ ಸೊಂಟ ಎಲ್ಲಿದೆ ಎಂದು ನಿಮಗೆ ಕಾಣುವುದಿಲ್ಲ. ಗುಂಪಿನಲ್ಲಿ ಕಲಿಸುವವರು ಕೊಳದ ಶುಲ್ಕವೂ ಸೇರಿ ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಮೂರು ತಿಂಗಳ ತರಬೇತಿಗೆ 7,500, ಉಳಿದ ಒಂಬತ್ತು ತಿಂಗಳು ಕೊಳದ ಶುಲ್ಕ ಮಾತ್ರ ಸಾವಿರದಂತೆ 9,000. ಒಟ್ಟು 16,500 ರೂಪಾಯಿ. ನಿಮ್ಮ ಇಡೀ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಬಾಬ್ತು ಬೇರೆ ಇರುವುದಿಲ್ಲ. ಕನ್ನಡಕ ಮತ್ತು ಟೋಪಿಗೆ ಸಾವಿರ ಸೇರಿಸಿ.

ಈಜುವಾಗ ಮೈ ಬೆಚ್ಚಗಿಡುವ ವೆಟ್‌ಸೂಟ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ತಣ್ಣೀರಿನ ದೇಶದವರ ಉಡುಪು. ಐರನ್‌ಮ್ಯಾನ್ ನಿಯಮದಂತೆ ನೀರಿನ ಉಷ್ಣಾಂಶ 24.5 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಅದನ್ನು ತೊಟ್ಟವರು ಬಹುಮಾನಕ್ಕೆ ಅರ್ಹರಲ್ಲ. ನಮ್ಮ ಕರಾವಳಿಯ ಸಮುದ್ರ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಸಣ್ಣ ಸ್ಪರ್ಧೆಗಳಲ್ಲಂತೂ ಈಜು ಅನೇಕ ಸಲ ಕೊಳದಲ್ಲೇ ನಡೆಯುತ್ತದೆ.

ಇನ್ನು ಮೊತ್ತ. ಶೂವಿಗೆ 8,000, ಬಟ್ಟೆಗೆ 2,500, ಈಜಿಗೆ ಕನ್ನಡಕವೂ ಸೇರಿ 17,500, ಹೆಲ್ಮೆಟ್‌ಗೆ 1,800, ಪಂಪು, ಟ್ಯೂಬು, ಸಣ್ಣಪುಟ್ಟ ಸಲಕರಣೆಗಳಿಗೆ 2,200, ವರ್ಷದ ಕೊನೆಗೆ ಒಂದು ಸ್ಪ್ರಿಂಟ್ ಸ್ಪರ್ಧೆಯ ಪ್ರವೇಶ ಶುಲ್ಕ ಮತ್ತು ಪ್ರಯಾಣಕ್ಕೆ 6,000. ಒಟ್ಟು 38,000 ರೂಪಾಯಿ. ಬೆಲೆಗಳು ಅಂದಾಜಿನವು, ಅತ್ತಿತ್ತ ಸ್ವಲ್ಪ ಆಗಬಹುದು. ಇದರಲ್ಲಿ ಹೊಸ ಸೈಕಲ್ ಸೇರಿಲ್ಲ ಎಂಬುದನ್ನು ಗಮನಿಸಿ. ಗೋಡೆಗೆ ಒರಗಿರುವ ಸೈಕಲ್ಲನ್ನೇ ನಾನು ನಂಬಿದ್ದೇನೆ.

ಪಾವಗಡದ ಕಡಲೆಕಾಯಿ:

ಇಷ್ಟೆಲ್ಲ ಏಕೆ ಸ್ವಾಮಿ? ನಮ್ಮ ಹಿರಿಯರು ಬರಿಗಾಲಲ್ಲಿ ಹೊಲ ಸುತ್ತಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. ಎಂಟು ಸಾವಿರದ ಶೂವಿನ ಬಾಬ್ತನ್ನು ಪೂರ್ತಿ ಹೊಡೆದುಹಾಕಿ, ಮೂವತ್ತು ಸಾವಿರದಲ್ಲಿ ಮುಗಿಯುತ್ತದೆ.

ಬಟವಾಡಿ ನಿವಾಸಿ:

ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಓಡಿ, ರೋಮ್‌ಗಿಂತ ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಚಿನ್ನ ಗೆದ್ದರು. ನಿಮ್ಮ ಹಿರಿಯರ ಕಾಲು ಹುಟ್ಟಿನಿಂದಲೇ ಮಣ್ಣಿಗೆ ಒಗ್ಗಿತ್ತು. ನಲವತ್ತಾರು ವರ್ಷ ಚಪ್ಪಲಿ ಹಾಕಿ ಕುರ್ಚಿಯಲ್ಲಿ ಕುಳಿತ ಕಾಲನ್ನು ಬಿ.ಎಚ್. ರಸ್ತೆಯ ಡಾಂಬರಿನ ಮೇಲೆ ಬರಿದಾಗಿ ಓಡಿಸಿದರೆ, ಶೂವಿನಲ್ಲಿ ಉಳಿಸಿದ್ದನ್ನು ಮೂಳೆ ವೈದ್ಯರಿಗೆ ಕೊಡಬೇಕಾಗುತ್ತದೆ.

ಹಳೇ ಸೈಕಲ್:

ಗುಮಾಸ್ತ ಸರ್, ಬಟವಾಡಿಯವರ ಲೆಕ್ಕವನ್ನು ಬಹುಪಾಲು ಒಪ್ಪುತ್ತೇನೆ, ಸೈಕಲ್ಲಿನ ವಿಷಯದಲ್ಲಿ ಮಾತ್ರ ಅವರು ಬೇಗ ದಾಟಿಕೊಂಡು ಹೋಗಿದ್ದಾರೆ. ಗೋಡೆಗೆ ಒರಗಿರುವ ಸೈಕಲ್ಲಿನಲ್ಲಿ ಖಂಡಿತ ಸ್ಪ್ರಿಂಟ್ ಮುಗಿಸಬಹುದು, ಆದರೆ ಅದನ್ನು ಇದ್ದ ಹಾಗೆಯೇ ರಸ್ತೆಗೆ ಇಳಿಸಬೇಡಿ.

26 ಇಂಚಿನ ಗೇರ್ ಸೈಕಲ್ಲಿಗೆ ಸಾಮಾನ್ಯವಾಗಿ ಗುಬುಟು ಗುಬುಟಾದ ದಪ್ಪ ಟೈರು ಬಂದಿರುತ್ತದೆ. ಡಾಂಬರಿನ ಮೇಲೆ ಅದು ಗುಯ್ ಎಂದು ಸದ್ದು ಮಾಡುತ್ತಾ ನಿಮ್ಮ ಶಕ್ತಿಯನ್ನು ತಿನ್ನುತ್ತದೆ. ಅದನ್ನು ತೆಗೆದು ಒಂದೂವರೆ ಇಂಚು ಅಗಲದ ನುಣುಪಾದ ಟೈರು ಹಾಕಿಸಿ. ಒಂದು ಜೊತೆ ಟೈರಿಗೆ ಸಾವಿರದಿಂದ ಒಂದೂವರೆ ಸಾವಿರ ಆಗಬಹುದು. ನಿಮ್ಮ ಸ್ಥಿತಿಯಲ್ಲಿ ಸೈಕಲ್ಲಿನ ಮೇಲೆ ಹಾಕುವ ಹಣದಲ್ಲಿ ಇದಕ್ಕಿಂತ ಹೆಚ್ಚು ಪ್ರತಿಫಲ ಕೊಡುವುದು ಬೇರೊಂದಿಲ್ಲ. ಮುಂದಿನ ಚಕ್ರಕ್ಕೆ ಸಸ್ಪೆನ್ಷನ್ ಇದ್ದು ಅದಕ್ಕೆ ಬೀಗದಂಥ ತಿರುಪು ಇದ್ದರೆ ಬಿಗಿದುಬಿಡಿ, ಎದ್ದು ನಿಂತು ತುಳಿಯುವಾಗ ಮುಂಭಾಗ ಕುಣಿಯುವುದು ನಿಲ್ಲುತ್ತದೆ. ಬ್ರೇಕ್ ಶೂ ಬದಲಿಸಿ, ತಂತಿಗಳಿಗೆ ಎಣ್ಣೆ ಬಿಡಿಸಿ. ದೇವರಾಯನದುರ್ಗದ ಏರಿಗೆ ಅಭ್ಯಾಸಕ್ಕೆ ಹೋಗುವ ಮನಸ್ಸಾದರೆ, ಹತ್ತುವಾಗ ಬ್ರೇಕಿನ ನೆನಪು ಬರುವುದಿಲ್ಲ, ತಿರುವುಗಳಲ್ಲಿ ಇಳಿಯುವಾಗ ಬರುತ್ತದೆ.

ಸೀಟಿನ ಎತ್ತರವನ್ನು ಹಣ ಕೊಟ್ಟು ಅಳೆಸಬೇಕಾಗಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ಲನ್ನು ತೀರಾ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ಬೇಕಾದಷ್ಟೇ ಬಾಗುತ್ತದೆ. ನಮ್ಮೂರಲ್ಲಿ ಹೆಚ್ಚಿನವರು ನಿಂತಾಗ ಎರಡೂ ಪಾದ ನೆಲಕ್ಕೆ ಊರಲಿ ಎಂದು ಸೀಟನ್ನು ತಗ್ಗಿಸಿಕೊಂಡು, ಮಂಡಿ ನೋವೆಂದು ದೂರುತ್ತಾರೆ.

ಮುಂದೆ ಎಂದಾದರೂ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್, ಅಂದರೆ ಸಪೂರ ಟೈರಿನ ವೇಗದ ಸೈಕಲ್, ಕೊಳ್ಳುವಿರಾದರೆ (ಅದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಉತ್ಸಾಹದಲ್ಲಿ ಕೊಂಡು ಒಂದು ಮಳೆಗಾಲದೊಳಗೆ ಮಾರುವವರು ಬೆಂಗಳೂರಿನಲ್ಲಿ ಧಾರಾಳವಾಗಿದ್ದಾರೆ) ಕಿಸೆಯಲ್ಲಿ ಒಂದು ಅಡಿ ಉದ್ದದ ಸ್ಟೀಲ್ ಸ್ಕೇಲು ಇಟ್ಟುಕೊಂಡು ಹೋಗಿ. ಚೈನಿನ ಒಂದು ಗೂಟದ ನಡುವಿಗೆ ಸೊನ್ನೆಯನ್ನು ಹಿಡಿದು ಇಪ್ಪತ್ನಾಲ್ಕು ಗೂಟ ಮುಂದಕ್ಕೆ ಎಣಿಸಿ. ಹೊಸ ಚೈನಿನಲ್ಲಿ ಅದು ಸರಿಯಾಗಿ ಹನ್ನೆರಡು ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೆಯ ಒಂದು ಭಾಗ ದಾಟಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗ ದಾಟಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವ ಕಡೆ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ ಎಲ್ಲೋ ಎದುರಿನಿಂದ ಗುದ್ದಿದೆ ಎಂದು ತಿಳಿದು ಕೈಮುಗಿದು ಬನ್ನಿ. ನಿಮ್ಮ ಅಳತೆಗೆ ಸಣ್ಣದೋ ದೊಡ್ಡದೋ ಆದ ಫ್ರೇಮನ್ನು ಅಗ್ಗವೆಂದು ಹೊತ್ತು ತರಬೇಡಿ.

ರೋಡ್ ಬೈಕ್ ಬಂದ ಮೇಲೆ ತುಮಕೂರಿನಲ್ಲಿ ಎದುರಾಗುವ ಮೊದಲ ಕಷ್ಟ ಗಾಳಿಯದು. ಅದರ ಟ್ಯೂಬಿಗಿರುವ ಪ್ರೆಸ್ಟಾ ವಾಲ್ವ್ ಪೆನ್ಸಿಲ್ಲಿಗಿಂತ ಸಣ್ಣದು. ತುದಿಯ ಪುಟ್ಟ ಹಿತ್ತಾಳೆ ತಿರುಪನ್ನು ಸಡಿಲಿಸಿ, ಒಮ್ಮೆ ಒತ್ತಿ ಪುಸ್ಸೆನ್ನಿಸಿ, ಆಮೇಲೆ ಪಂಪು ಹಚ್ಚಬೇಕು. ಪಂಕ್ಚರ್ ಅಂಗಡಿಯವರ ಪಂಪು ಅದಕ್ಕೆ ಕೂರುವುದಿಲ್ಲ, ಬಲವಂತ ಮಾಡಿದರೆ ತಿರುಪು ಬಾಗಿ ಟ್ಯೂಬೇ ಹಾಳು. ಐವತ್ತು ರೂಪಾಯಿಯೊಳಗೆ ಸಿಗುವ ಬೆರಳುಗುರಿನಷ್ಟು ಗಾತ್ರದ ಅಡಾಪ್ಟರನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡರೆ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಮನೆ ಮುಟ್ಟುವಷ್ಟು ಗಾಳಿ ಹಿಡಿಸಬಹುದು. ಟ್ಯೂಬು ಮಾತ್ರ ಎರಡು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಪ್ರತಿ ಅಂಗಡಿಯಲ್ಲೂ ಸಿಗುವ ಮಾಲಲ್ಲ ಅದು.

ಹೆಲ್ಮೆಟ್ಟನ್ನು ಎಂದೂ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಒಮ್ಮೆ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಬಿರುಕು ಬಿಟ್ಟಿದ್ದರೂ ಹೊರಗೆ ಕಾಣುವುದಿಲ್ಲ. ಸ್ಪರ್ಧೆಯಲ್ಲಿಯೂ ಸ್ಟ್ಯಾಂಡಿನಿಂದ ಸೈಕಲ್ ಎತ್ತುವ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ.

ಎಸ್.ಎಸ್. ಪುರಂ ಓಟಗಾರ್ತಿ:

ಮೇಲಿನ ಇಬ್ಬರ ಲೆಕ್ಕವೂ ಗಂಡಸರ ಲೆಕ್ಕ ಎಂದು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಈ ಚರ್ಚೆಯನ್ನು ಓದುವ ಹೆಂಗಸರಿಗಾಗಿ ಕೆಲವು ಬಾಬ್ತುಗಳನ್ನು ಸೇರಿಸುತ್ತೇನೆ.

ಓಟಕ್ಕೆ ತಕ್ಕ ಸ್ಪೋರ್ಟ್ಸ್ ಬ್ರಾ ಒಂದಕ್ಕೆ ಸಾವಿರದಿಂದ ಎರಡು ಸಾವಿರ, ಕನಿಷ್ಠ ಎರಡು ಬೇಕು, ಒಗೆದು ಒಗೆದು ವರ್ಷದೊಳಗೆ ಅದರ ಬಿಗಿ ಹೋಗುತ್ತದೆ. ಮೈತುಂಬ ಮುಚ್ಚುವ ಈಜುಡುಪು ಗಂಡಸರ ಚಡ್ಡಿಯ ಮೂರು ನಾಲ್ಕು ಪಟ್ಟು ಬೆಲೆಯದು. ಇವು ಹೇಗೋ ಒಮ್ಮೆಗೆ ಮುಗಿಯುವ ಖರ್ಚು. ಕೈ ಕಚ್ಚುವುದು ಸಮಯದ ಹೊಂದಾಣಿಕೆ. ಕೊಳದಲ್ಲಿ ಹೆಂಗಸರಿಗೆಂದು ಪ್ರತ್ಯೇಕ ಸಮಯ ಇಟ್ಟಿದ್ದರೆ ಅದು ಬೆಳಗ್ಗೆ ಹತ್ತರ ಮೇಲೆ ಇರುವುದೇ ಹೆಚ್ಚು, ಅಂದರೆ ಕೆಲಸಕ್ಕೆ ಹೋಗುವವರಿಗೆ ಅದು ಇದ್ದೂ ಇಲ್ಲದಂತೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಮೊದಲ ಅವಧಿಯನ್ನು ಬಿಟ್ಟುಕೊಟ್ಟು ಸಂಜೆಯ ಅವಧಿ ತೆಗೆದುಕೊಂಡು ಹೊಂದಿಸಿದ್ದೇನೆ, ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ. ಕೊಳಕ್ಕೆ ಆಟೋದಲ್ಲಿ ಹೋಗಿಬರುವ ಖರ್ಚನ್ನು ತಿಂಗಳಿಗೆ ಲೆಕ್ಕ ಹಾಕಿದರೆ ಕೊಳದ ಶುಲ್ಕವನ್ನೇ ಮೀರುತ್ತದೆ.

ನಸುಕಿನ ಕತ್ತಲಲ್ಲಿ ಒಬ್ಬಳೇ ನಾಮದ ಚಿಲುಮೆಯ ರಸ್ತೆ ಹಿಡಿಯಲು ನನಗೆ ಧೈರ್ಯವಿಲ್ಲ. ಆ ಕಾಡಿನಲ್ಲಿ ಚಿರತೆ, ಕರಡಿಗಳಿವೆ ಎಂಬುದು ಒಂದು ಕಾರಣ, ಹೆಂಗಸರಿಗೆ ಇನ್ನೊಂದು ಕಾರಣವನ್ನು ಹೇಳಬೇಕಾಗಿಲ್ಲ. ಆದ್ದರಿಂದ ನಾವು ಕೆಲವರು ಗುಂಪಾಗಿ, ಬೆಳಕು ಹರಿದ ಮೇಲೆಯೇ ಹೊರಡುತ್ತೇವೆ. ಗುಂಪಿನ ಸವಾರಿಗೂ ಖರ್ಚಿದೆ ಎಂಬುದನ್ನು ಬಟವಾಡಿಯವರು ಜಾಣತನದಿಂದ ಮರೆಮಾಚಿದ್ದಾರೆ: ಪ್ರತಿ ಭಾನುವಾರವೂ ಅದು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ ಮುಗಿಯುತ್ತದೆ, ಬೆಣ್ಣೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಗುಮಾಸ್ತ ಸರ್, ನಿಮ್ಮ ಮನೆಯವರು ಲೆಕ್ಕ ಬರೆದು ತೋರಿಸಿ ಎಂದಿದ್ದಾರಲ್ಲ, ಅದರಲ್ಲಿ ಗಂಟೆಗಳನ್ನೂ ಬರೆಯಿರಿ. ಸ್ಪ್ರಿಂಟಿನ ತಯಾರಿಗೆ ವಾರಕ್ಕೆ ಐದಾರು ಗಂಟೆ ಬೇಕು. ಹೋಗಿಬರುವುದು, ಸ್ನಾನ, ಬಟ್ಟೆ ಒಗೆಯುವುದು ಸೇರಿದರೆ ಎಂಟು ಗಂಟೆ. ಆ ಹೊತ್ತಿನಲ್ಲಿ ಹಾಲು ತರುವವರು, ತಿಂಡಿ ಮಾಡುವವರು, ಭಾನುವಾರ ಮನೆಗೆ ಬಂದ ನೆಂಟರನ್ನು ಮಾತನಾಡಿಸುವವರು ಯಾರು? ನಮ್ಮ ಮನೆಯಲ್ಲಿ ವಾರಕ್ಕೆ ಮೂರು ಬೆಳಗ್ಗೆ ತಿಂಡಿ ಯಜಮಾನರದು ಎಂದು ಮೊದಲೇ ಒಪ್ಪಂದವಾಯಿತು. ಆ ಒಪ್ಪಂದ ಇಲ್ಲದಿದ್ದರೆ ಅಡುಗೆಯವರನ್ನು ಇಡಬೇಕಾಗುತ್ತಿತ್ತು, ಆಗ ಈ ಹವ್ಯಾಸದ ಲೆಕ್ಕದಲ್ಲಿ ಈಜಿನ ಬಾಬ್ತು ದೊಡ್ಡದಾಗಿ ಉಳಿಯುತ್ತಿರಲಿಲ್ಲ.

ಕೀಲು ಮತ್ತು ಸ್ನಾಯು:

ನಾನು ವೃತ್ತಿಯಿಂದ ಫಿಸಿಯೊಥೆರಪಿಸ್ಟ್. ಯಾರೂ ಬರೆಯದ ಬಾಬ್ತು ನಮ್ಮದೇ. ಒಂದು ಸಲದ ಚಿಕಿತ್ಸೆಗೆ ಐನೂರರ ಆಸುಪಾಸು, ಮೀನಖಂಡದ ಮುಂಭಾಗದ ಮೂಳೆ ನೋವಿಗೋ ಹಿಮ್ಮಡಿ ನೋವಿಗೋ ಬಂದವರು ಹತ್ತು ಸಲವಾದರೂ ಬರಬೇಕಾಗುತ್ತದೆ. ಅಂದರೆ ಐದು ಸಾವಿರ. ಬರುವವರಲ್ಲಿ ಹೆಚ್ಚಿನವರು ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ ಒಮ್ಮೆಲೇ ದೂರ ಏರಿಸಿದವರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ ಮೇಲೇರಿಸುವ ವ್ಯಾಯಾಮವನ್ನು ದಿನವೂ ಮಾಡಿ, ಅದಕ್ಕೆ ಬಿಡಿಗಾಸಿನ ಖರ್ಚಿಲ್ಲ.

ನಿಮ್ಮ ವಯಸ್ಸು ಮತ್ತು ಸಕ್ಕರೆಯ ಗಡಿ ಎರಡನ್ನೂ ನೋಡಿದರೆ, ತೀವ್ರವಾದ ಅಭ್ಯಾಸಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಂಡು ರಕ್ತದೊತ್ತಡ ಮತ್ತು ಇಸಿಜಿ ಪರೀಕ್ಷೆ ಮಾಡಿಸಿಕೊಳ್ಳುವುದು ಸರಿಯಾದ ಕ್ರಮ. ಆ ಹಣವನ್ನು ಕೈಗಡಿಯಾರದ ಬಾಬ್ತಿನಿಂದ ತೆಗೆಯಿರಿ. ಎನರ್ಜಿ ಜೆಲ್, ಸಿಹಿ ಪಾನೀಯಗಳ ಸಹವಾಸವೂ ಬೇಡ. ಒಂದು ಗಂಟೆಯೊಳಗಿನ ಅಭ್ಯಾಸಕ್ಕೆ ನೀರು ಸಾಕು. ದೀರ್ಘ ಸ್ಪರ್ಧೆಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕೆಂಬುದು ನಿಜ, ಒಂದು ಪಚ್ಚಬಾಳೆಯಲ್ಲೇ ಸುಮಾರು 25 ಗ್ರಾಂ ಇರುತ್ತದೆ. ಐದು ಕಿಲೋಮೀಟರ್ ಓಡಿ ಸಿಹಿ ಪಾನೀಯದ ಬಾಟಲಿ ಖಾಲಿ ಮಾಡಿದರೆ ವೈದ್ಯರು ಯಾವ ಕಾರಣಕ್ಕೆ ನಿಮ್ಮನ್ನು ಅಮಾನಿಕೆರೆಗೆ ಕಳಿಸಿದರೋ ಅದೇ ಕೆಡುತ್ತದೆ.

ಶೆಟ್ಟಿಹಳ್ಳಿ ಗುಮಾಸ್ತ:

ಎಲ್ಲರಿಗೂ ಅನಂತ ಧನ್ಯವಾದಗಳು. ಮನೆಯವರಿಗೆ ಇಡೀ ಚರ್ಚೆಯನ್ನೇ ಓದಿ ಹೇಳಿದೆ. ಎಸ್.ಎಸ್. ಪುರಂ ಮೇಡಂ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಭಾನುವಾರದ ತಿಂಡಿ ನನ್ನದೆಂದು ತೀರ್ಮಾನವಾಗಿದೆ. ಸೈಕಲ್ಲಿಗೆ ನುಣುಪು ಟೈರು ಹಾಕಿಸಿ, ಹೊಸದನ್ನು ಕೊಳ್ಳುವ ಯೋಚನೆಯನ್ನು ಬಿಟ್ಟಿದ್ದೇನೆ. ಇನ್ನೆರಡು ಸಂದೇಹಗಳಿವೆ. ಈಜು ನನಗೆ ಒಗ್ಗುವುದೇ ಇಲ್ಲವೆಂದಾದರೆ ಹಾಕಿದ ಹಣ ವ್ಯರ್ಥವಾಗುತ್ತದೆಯಲ್ಲವೇ? ಎರಡನೆಯದಾಗಿ, ಮೈದಾಳ ಕೆರೆಯಂಥ ಕಡೆ ಬಿಟ್ಟಿಯಾಗಿ ಅಭ್ಯಾಸ ಮಾಡಿ ಕೊಳದ ಶುಲ್ಕ ಉಳಿಸಬಹುದೇ? ಗೋವಾದ ಆಸೆಯನ್ನು ಎಷ್ಟು ಕಾಲ ಮುಂದೂಡಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಬಟವಾಡಿ ನಿವಾಸಿ:

ಕೆರೆಯ ಮಾತನ್ನು ಇಲ್ಲಿಗೇ ಬಿಡಿ ಸರ್. ಕೆರೆಯ ತಳದಲ್ಲಿ ಹೂಳು ಎಷ್ಟಿದೆ, ಎಲ್ಲಿ ಮಣ್ಣು ತೆಗೆದ ಗುಂಡಿ ಇದೆ, ಎಲ್ಲಿ ಜೊಂಡು ಕಾಲಿಗೆ ಸುತ್ತುತ್ತದೆ ಎಂಬುದು ಮೇಲಿನಿಂದ ಕಾಣುವುದಿಲ್ಲ, ಕಾವಲಿಗೆ ಯಾರೂ ಇರುವುದಿಲ್ಲ. ಅನುಭವಿಗಳೂ ಅಲ್ಲಿ ಒಬ್ಬಂಟಿಯಾಗಿ ಇಳಿಯಬಾರದು. ಕೊಳದ ಶುಲ್ಕದಲ್ಲಿ ಜೀವರಕ್ಷಕನ ಸಂಬಳವೂ ಸೇರಿದೆ ಎಂದು ತಿಳಿಯಿರಿ.

ಈಜು ಒಗ್ಗದಿದ್ದರೆ ಡುಯಾಥ್ಲಾನ್ ಇದೆ: ಮೊದಲು ಓಟ, ನಡುವೆ ಸೈಕಲ್, ಕೊನೆಗೆ ಮತ್ತೆ ಓಟ. ಆದ್ದರಿಂದಲೇ ಹಣವನ್ನು ಒಂದೇ ಸಲ ಹಾಕಬೇಡಿ ಎನ್ನುತ್ತೇನೆ. ಮೊದಲ ಮೂರು ತಿಂಗಳು ಈಜಿನ ತರಬೇತಿ ಮತ್ತು ಈಗಿರುವ ಶೂ, ಇಷ್ಟು ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ನಿಲ್ಲದೆ ನಾನೂರು ಮೀಟರ್ ಈಜುವಂತಾದ ಮೇಲೆ ಹೆಲ್ಮೆಟ್, ಪಂಪುಗಳ ಸರದಿ. ಸ್ಪರ್ಧೆಯ ಶುಲ್ಕ ಎಲ್ಲಕ್ಕಿಂತ ಕೊನೆಗೆ. ಒಮ್ಮೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ.

ಗೋವಾದ ಲೆಕ್ಕವೇ ಬೇರೆ. ಪ್ರವೇಶ ಶುಲ್ಕವೇ ಇಪ್ಪತ್ತು ಸಾವಿರದ ಮೇಲೆ ಹೋಗುತ್ತದೆ. ಸೈಕಲ್ ಸಾಗಣೆ, ಮೂರು ರಾತ್ರಿಯ ವಸತಿ, ಸಂಸಾರ ಜೊತೆಗೆ ಬಂದರೆ ಅವರ ಖರ್ಚು ಸೇರಿ ಒಂದು ವಾರಾಂತ್ಯಕ್ಕೆ ಐವತ್ತು ಸಾವಿರ ದಾಟುವುದು ಕಷ್ಟವೇನಲ್ಲ. ಮೇಲಾಗಿ ಅಲ್ಲಿ 1.9 ಕಿಲೋಮೀಟರ್ ಸಮುದ್ರದ ಈಜನ್ನು 1 ಗಂಟೆ 10 ನಿಮಿಷದಲ್ಲಿ ಮುಗಿಸದಿದ್ದರೆ ಸೈಕಲ್ ಮುಟ್ಟಲೂ ಬಿಡುವುದಿಲ್ಲ. ಸ್ಪ್ರಿಂಟ್ ಮುಗಿಸಿ, ಅದರ ಇಮ್ಮಡಿ ದೂರದ್ದನ್ನೂ ಒಮ್ಮೆ ಮುಗಿಸಿ, ಆಮೇಲೆ ಆ ಮಾತನ್ನು ಮನೆಯಲ್ಲಿ ಎತ್ತಿ.

ಎಸ್.ಎಸ್. ಪುರಂ ಓಟಗಾರ್ತಿ:

ಒಂದು ಸಣ್ಣ ಸೇರ್ಪಡೆ. ಏಪ್ರಿಲ್, ಮೇ ತಿಂಗಳಲ್ಲಿ ತರಬೇತಿಗೆ ಸೇರಬೇಡಿ. ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ತುಂಬಿರುತ್ತದೆ, ಶುಲ್ಕ ಏರಿರುತ್ತದೆ, ತರಬೇತುದಾರರ ಕಣ್ಣು ನಿಮ್ಮ ಮೇಲೆ ಬೀಳುವುದೇ ಅಪರೂಪ. ಜೂನ್‌ನಲ್ಲಿ ಶಾಲೆಗಳು ತೆರೆದ ಮೇಲೆ ಹೋಗಿ ವಿಚಾರಿಸಿ. ಬೆಳಗಿನ ತಂಡದಲ್ಲಿ ಜಾಗ ಇರುತ್ತದೆ, ಮೂರು ತಿಂಗಳದ್ದನ್ನು ಒಟ್ಟಿಗೆ ಕಟ್ಟುತ್ತೇನೆಂದರೆ ಸ್ವಲ್ಪ ಕಡಿಮೆ ಮಾಡುವವರೂ ಇದ್ದಾರೆ.